ಬ್ರೈಟನ್ ಅರಮನೆ ಮುಂದೆ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಹೇಳಿ

ಕಡಲೆಪುರಿ:
ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಹೋದ ಭಾನುವಾರ ಲಂಡನ್‌ನಿಂದ ರೈಲು ಹತ್ತಿಸಿ ಬ್ರೈಟನ್‌ಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೆ ಬೀಚ್ ನೋಡಿಯೇ ಬೇಜಾರು. ಮರಳೇ ಇಲ್ಲ, ಬರೀ ಉರುಟು ಕಲ್ಲು. ಚಪ್ಪಲಿ ಬಿಟ್ಟು ನಾಲ್ಕು ಹೆಜ್ಜೆ ಹಾಕಿ, "ಇದೇನೋ, ಜಲ್ಲಿ ಸುರಿದು ಹೋಗಿದ್ದಾರೆ" ಅಂದರು.

ಅಪ್ಪ ಮೈಸೂರಿನವರು, ರಿಟೈರ್ಡ್ ಮೇಷ್ಟ್ರು. ರಾಯಲ್ ಪೆವಿಲಿಯನ್ ಗುಮ್ಮಟ ಕಂಡ ತಕ್ಷಣ "ನಮ್ಮ ಅರಮನೆ ಕಾಪಿ ಹೊಡೆದಿದ್ದಾರೆ" ಅಂತ ತೀರ್ಪು ಕೊಟ್ಟರು. ಅಲ್ಲಿಗೆ ಸುಮ್ನಿದ್ದಿದ್ದರೆ ಚೆನ್ನಾಗಿತ್ತು. ದಕ್ಷಿಣದ ಬಾಗಿಲ ಹತ್ತಿರ ಕಲ್ಲಿನ ಮೇಲಿದ್ದ ಬರಹ ಓದಿದರು. ಈ ಬಾಗಿಲು ಭಾರತದ ಕೊಡುಗೆ ಅಂತಿದೆ. "ಕೊಟ್ಟಿದ್ದು ಯಾವ ಭಾರತ? ಯಾಕೆ ಕೊಟ್ಟರು?" ಅಂದರು. ನನಗೆ ಬಾಯಿ ಕಟ್ಟಿತು. ಒಂಬತ್ತು ವರ್ಷದಿಂದ ಈ ದೇಶದಲ್ಲಿದ್ದೀನಿ, ಆ ಬಾಗಿಲ ಪಕ್ಕದಲ್ಲೇ ಎಷ್ಟು ಸಲ ಐಸ್‌ಕ್ರೀಂ ತಿಂದಿದ್ದೀನೋ.

ಮುಂದಿನ ತಿಂಗಳು ಅವರು ವಾಪಸ್ ಹೊರಡುತ್ತಾರೆ. ಅಷ್ಟರಲ್ಲಿ ಒಂದು ಉತ್ತರ ಬೇಕು. ಗೂಗಲ್ ಮಾಡು ಅನ್ನಬೇಡಿ ಪ್ಲೀಸ್.

ನಿದ್ದೆಗಣ್ಣ:
ಗೂಗಲ್ ಮಾಡಿ.

ಸಸೆಕ್ಸ್_ಸುಬ್ಬ:
ನಿದ್ದೆಗಣ್ಣ, ಹೋಗಿ ಮಲಗಿ.

ಕಡಲೆಪುರಿ ಅವರೇ, ಬಾಗಿಲ ಕಥೆ ಹೇಳ್ತೀನಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಭಾರತದ ಸೈನಿಕರನ್ನು ಫ್ರಾನ್ಸ್‌ಗೆ ಕಳಿಸಿದರು. ಗಾಯಗೊಂಡವರನ್ನು ಹಡಗಿನಲ್ಲಿ ಇಂಗ್ಲೆಂಡಿಗೆ ತಂದು, ಅಲ್ಲಿಂದ ರೈಲಿನಲ್ಲಿ ಬ್ರೈಟನ್‌ಗೆ ಸಾಗಿಸುತ್ತಿದ್ದರು. ಪೆವಿಲಿಯನ್, ಅದರ ಪಕ್ಕದ ಡೋಮ್, ಕಾರ್ನ್ ಎಕ್ಸ್‌ಚೇಂಜ್ ಮೂರೂ ಸೇರಿ 700ಕ್ಕೂ ಜಾಸ್ತಿ ಹಾಸಿಗೆಯ ಆಸ್ಪತ್ರೆ ಆಯಿತು. 1914ರ ಡಿಸೆಂಬರ್‌ನಿಂದ 1916ರ ಶುರುವಿನ ತನಕ ಅಲ್ಲಿದ್ದವರು ಭಾರತೀಯ ಸಿಪಾಯಿಗಳು. ನಿಮ್ಮ ಅಪ್ಪ ನೋಡಿದ್ದು ಇಂಡಿಯಾ ಗೇಟ್. 1921ರ ಅಕ್ಟೋಬರ್‌ನಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಬಂದು ಅದನ್ನು ತೆರೆದರು. ನಮ್ಮವರನ್ನು ನೋಡಿಕೊಂಡಿರಿ ಅನ್ನೋ ಋಣಕ್ಕೆ ಊರಿಗೆ ಕೊಟ್ಟ ಕಾಣಿಕೆ.

ಇನ್ನು ಕಾಪಿ ವಿಷಯ. ಅಪ್ಪನಿಗೆ ನಿಧಾನವಾಗಿ ಹೇಳಿ, ಊಟ ಆದಮೇಲೆ. ಜಾನ್ ನ್ಯಾಶ್ ಈ ಅರಮನೆಗೆ ಈಗಿನ ರೂಪ ಕೊಡೋಕೆ ಕೈ ಹಾಕಿದ್ದು 1815ರಲ್ಲಿ. ಮೈಸೂರಿನ ಹಳೇ ಮರದ ಅರಮನೆ ಸುಟ್ಟಿದ್ದು 1897ರಲ್ಲಿ, ಹೆನ್ರಿ ಇರ್ವಿನ್ ಕಟ್ಟಿದ ಈಗಿನದು ಮುಗಿದಿದ್ದು 1912ರಲ್ಲಿ. ಯಾರು ಮೊದಲು ಅಂತ ಲೆಕ್ಕ ನೀವೇ ಹಾಕಿ.

ಕಡಲೆಪುರಿ:
ಅಯ್ಯೋ. ಇದನ್ನ ನಾನು ಹೇಳಲ್ಲ. ನೀವೇ ಬಂದು ಹೇಳಿ, ಕಾಫಿ ಕೊಡ್ತೀನಿ.

ಹಳೇಬೀಡು_ಹುಡುಗಿ:
ಅಪ್ಪನದು ಪೂರ್ತಿ ತಪ್ಪೇನಲ್ಲ. ಮೈಸೂರಿಂದ ಕಾಪಿ ಹೊಡೆದಿಲ್ಲ, ಆದ್ರೆ ಕಾಪಿಯಂತೂ ಹೌದು. ನ್ಯಾಶ್ ಜನ್ಮದಲ್ಲಿ ಭಾರತಕ್ಕೆ ಕಾಲಿಟ್ಟವನಲ್ಲ. ಥಾಮಸ್ ಡೇನಿಯಲ್, ಅವನ ಸೋದರನ ಮಗ ವಿಲಿಯಂ, ಇಬ್ಬರೂ ಭಾರತವೆಲ್ಲ ತಿರುಗಿ ಚಿತ್ರ ಬರೆದು ಇಲ್ಲಿ ಅಚ್ಚು ಹಾಕಿಸಿದ್ದರು. ಹೊಸೂರು ದಾಟಿದರೆ ಸಿಗುತ್ತಲ್ಲ ರಾಯಕೋಟೆ, ಅದರ ಚಿತ್ರವೂ ಆ ಸಂಗ್ರಹದಲ್ಲಿದೆ. ಆ ಚಿತ್ರಗಳನ್ನು ನೋಡಿಕೊಂಡು ಇವನು ಗುಮ್ಮಟ, ಮಿನಾರು, ಜಾಲಂಧ್ರ ಎಲ್ಲ ಕೂಡಿಸಿದ. ಹೊರಗೆ ಮೊಘಲರು, ಒಳಗೆ ಹೋದರೆ ಚೀನಾ. ಊಟದ ಕೋಣೆಯಲ್ಲಿ ಸುಮಾರು ಒಂದು ಟನ್ ತೂಕದ ತೂಗುದೀಪ, ಅದರ ಮೇಲೊಂದು ಡ್ರ್ಯಾಗನ್. ಅಡುಗೆಮನೆಯ ಕಂಬಗಳು ತಾಳೆಮರದ ಥರ, ಮೇಲೆ ತಾಮ್ರದ ಗರಿ!

ಒಳಗಿನ ಗುಟ್ಟು ಇನ್ನೂ ಮಜಾ. ಅಲ್ಲಿ ಮೊದಲೇ ಹೆನ್ರಿ ಹಾಲೆಂಡ್ 1787ರಲ್ಲಿ ಮಾಡಿದ ಮನೆ ಇತ್ತು. ನ್ಯಾಶ್ ಅದನ್ನ ಕೆಡವಲಿಲ್ಲ. ಅದರ ಮೇಲೆ ಎರಕದ ಕಬ್ಬಿಣದ ಹಂದರ ನಿಲ್ಲಿಸಿ, ಆ ಹಂದರಕ್ಕೆ ಈರುಳ್ಳಿ ಗುಮ್ಮಟ ತೊಡಿಸಿದ. ಯಕ್ಷಗಾನದ ಕಿರೀಟ ಇದ್ದ ಹಾಗೆ, ದೂರದಿಂದ ನೋಡಿದರೆ ಭಾರೀ ಭಾರ, ಒಳಗೆಲ್ಲ ಟೊಳ್ಳು.

ಮಲ್ಪೆ_ಮೀನು:
ಕಿರೀಟದ ವಿಷಯಕ್ಕೆ ಬರಬೇಡಿ ಮಾರಾಯ್ರೆ. ರಾತ್ರಿಯಿಡೀ ತಲೆ ಮೇಲೆ ಹೊತ್ತು ಕುಣಿದವರನ್ನ ಕೇಳಿ ಭಾರ ಎಷ್ಟು ಅಂತ.

ಹಳೇಬೀಡು_ಹುಡುಗಿ:
ಸರಿ, ವಾಪಸ್ ತಗೊಂಡೆ.

ರೈಲುಮಾಮ:
ಆ ಗುಮ್ಮಟಗಳನ್ನ ಆಗಿನ ಕಾಲದವರೇ ಆಡಿಕೊಂಡಿದ್ದಾರೆ. ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟ ಬ್ರೈಟನ್‌ಗೆ ಬಂದು ಮರಿ ಹಾಕಿದೆ ಅಂತ ಸಿಡ್ನಿ ಸ್ಮಿತ್ ಅನ್ನೋ ಪಾದ್ರಿ ಗೇಲಿ ಮಾಡಿದ್ದ ಅನ್ನೋ ಮಾತಿದೆ. ವಿಕ್ಟೋರಿಯಾ ರಾಣಿಗೂ ಈ ಅರಮನೆ ಹಿಡಿಸಲಿಲ್ಲ. ಸುತ್ತ ಜನಜಂಗುಳಿ, ನೆಮ್ಮದಿ ಇಲ್ಲ. 1845ರ ನಂತರ ಈ ಕಡೆ ತಲೆ ಹಾಕಲಿಲ್ಲ. 1850ರಲ್ಲಿ ಊರಿನವರೇ 53,000 ಪೌಂಡ್ ಕೊಟ್ಟು ಕೊಂಡುಕೊಂಡರು.

ಜನಜಂಗುಳಿಗೆ ಕಾರಣ ಏನು? ರೈಲು! 1841ರ ಸೆಪ್ಟೆಂಬರ್ 21ಕ್ಕೆ ಲಂಡನ್-ಬ್ರೈಟನ್ ದಾರಿ ಪೂರ್ತಿ ಆಯಿತು. ಅಲ್ಲಿ ತನಕ ಅರಮನೆ ಕಟ್ಟಿಸಿದ ರಾಜಕುಮಾರನ (ಆಮೇಲೆ ನಾಲ್ಕನೇ ಜಾರ್ಜ್ ಆದವನು) ಗೆಳೆಯರ ಊರು, ಆಮೇಲೆ ಬುತ್ತಿ ಕಟ್ಟಿಕೊಂಡು ಬಂದು ಸಂಜೆಗೆ ಹೋಗೋರ ಊರು. ದಾರಿಯಲ್ಲಿ ಊಸ್ ಕಣಿವೆ ಸೇತುವೆ ಸಿಗುತ್ತೆ, 37 ಕಮಾನು, ಸುಮಾರು 1 ಕೋಟಿ 10 ಲಕ್ಷ ಇಟ್ಟಿಗೆ. ರೈಲಿನೊಳಗೆ ಕೂತವರಿಗೆ ಕಾಣಲ್ಲ, ಅದೇ ಬೇಜಾರು.

ಇನ್ನೊಂದು ಹೇಳದಿದ್ದರೆ ನಿದ್ದೆ ಬರಲ್ಲ. ಕಡಲ ದಂಡೆಯಲ್ಲಿ ಓಡೋ ಪುಟ್ಟ ರೈಲು ನೋಡಿದಿರಾ? ಮ್ಯಾಗ್ನಸ್ ವೋಕ್ 1883ರಲ್ಲಿ ಶುರು ಮಾಡಿದ ವಿದ್ಯುತ್ ರೈಲು, ಇವತ್ತಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಜಗತ್ತಿಗೇ ಹಳೆಯದು. ನಮ್ಮ ಶಿವನಸಮುದ್ರದಿಂದ ಕೋಲಾರದ ಗಣಿಗೆ ಕರೆಂಟ್ ಹೋಗಿದ್ದು 1902ರಲ್ಲಿ, ಇದು ಅದಕ್ಕಿಂತ 19 ವರ್ಷ ಮೊದಲು. ಆಮೇಲೆ ಇದೇ ಪುಣ್ಯಾತ್ಮ ಸಮುದ್ರದೊಳಗೇ ಹಳಿ ಹಾಸಿ, ಉದ್ದ ಕಾಲಿನ ಮೇಲೆ ನಿಂತ ಬೋಗಿ ಓಡಿಸಿದ. 1896ರಿಂದ 1901ರ ತನಕ ಓಡಿತು. ನೀರು ಜಾಸ್ತಿ ಇದ್ದಾಗ ಆಮೆ ನಡಿಗೆ. ಜನ ಅದನ್ನ ಕರೆಯುತ್ತಿದ್ದಿದ್ದು ಡ್ಯಾಡಿ ಲಾಂಗ್‌ಲೆಗ್ಸ್ ಅಂತ.

ನಿದ್ದೆಗಣ್ಣ:
ಅಪ್ಪ ಕೇಳಿದ್ದು ಬಾಗಿಲು. ಮಾಮ ಹೇಳಿದ್ದು ರೈಲು.

ರೈಲುಮಾಮ:
ಬಾಗಿಲಿಗೆ ಬರೋಕೂ ರೈಲೇ ಬೇಕಲ್ಲ ತಮ್ಮಾ.

ಮಲ್ಪೆ_ಮೀನು:
ಅರಮನೆ, ರೈಲು ಎಲ್ಲ ನಿನ್ನೆ ಮೊನ್ನೆಯದು. ಅದು ಮೂಲತಃ ನಮ್ಮಂಥವರ ಊರು. ಬ್ರೈಟ್‌ಹೆಲ್ಮ್‌ಸ್ಟನ್ ಅಂತಿತ್ತು ಹೆಸರು. 1086ರ ದಾಖಲೆಯಲ್ಲಿ ಆ ಊರಿನ ಗೇಣಿ ಎಷ್ಟು ಗೊತ್ತಾ? 4,000 ಹೆರಿಂಗ್ ಮೀನು! ನಮ್ಮ ಬೂತಾಯಿಯ ನೆಂಟ ಅನ್ನಿ. ದುಡ್ಡಲ್ಲ, ಭತ್ತ ಅಲ್ಲ, ಮೀನು ಎಣಿಸಿ ಕೊಡೋದು.

1514ರಲ್ಲಿ ಫ್ರಾನ್ಸಿನವರು ಬಂದು ಊರಿಗೆ ಬೆಂಕಿ ಹಚ್ಚಿದರು. 1703 ಮತ್ತು 1705ರ ಬಿರುಗಾಳಿಗೆ ದಂಡೆಯ ಮೇಲಿದ್ದ ಕೆಳಕೇರಿ ಹಾಳಾಯಿತು. ಕಡಲು ತಿನ್ನೋದು ಅಂದರೆ ಏನು ಅಂತ ಉಳ್ಳಾಲದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇನ್ನೇನು ಊರು ಮುಗಿಯಿತು ಅನ್ನುವಾಗ ಲೂಯಿಸ್ ಅನ್ನೋ ಊರಿನ ಡಾಕ್ಟರ್ ರಿಚರ್ಡ್ ರಸ್ಸೆಲ್ ಸಮುದ್ರದ ನೀರು ಔಷಧಿ ಅಂತ 1750ರಲ್ಲಿ ಬರೆದ. ಮೀಯೋದಷ್ಟೇ ಅಲ್ಲ, ಕುಡಿಯೋದೂ! ದುಡ್ಡಿದ್ದವರು ಸಾಲುಗಟ್ಟಿ ಬಂದರು. ಚಕ್ರದ ಮೇಲಿನ ಮರದ ಗೂಡಿನಲ್ಲಿ ಕೂತು ನೀರಿಗಿಳಿಯೋದು, ಕೈ ಹಿಡಿದು ಮುಳುಗಿಸೋಕೆ ಊರಿನ ಗಟ್ಟಿ ಹೆಂಗಸರು. ಮಾರ್ತಾ ಗನ್ ಅನ್ನೋ ಅಜ್ಜಿ ಆ ಕೆಲಸಕ್ಕೆ ಹೆಸರುವಾಸಿ, 1815ರಲ್ಲಿ ತೀರಿಕೊಂಡಳು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದಿದ್ದು ಎಲ್ಲಿ ಅಂದರೆ, ಅರಮನೆ ಮುಂದಿನ ಓಲ್ಡ್ ಸ್ಟೀನ್ ಹೂದೋಟ ಇದೆಯಲ್ಲ, ಅದು ಬೆಸ್ತರು ಬಲೆ ಒಣಹಾಕುತ್ತಿದ್ದ ಬಯಲು. ಚಂಡಮಾರುತ ಬಂದಾಗ ದೋಣಿಯನ್ನೂ ಅಲ್ಲಿಗೇ ಎಳೆಯುತ್ತಿದ್ದರು. ಶ್ರೀಮಂತರ ಸಂಜೆಯ ತಿರುಗಾಟಕ್ಕೆ ಬಲೆ ಅಡ್ಡ ಆಯಿತು. ಮೆಲ್ಲಮೆಲ್ಲಗೆ ಬೇಲಿ ಬಂತು, ಬಲೆ ಹೋಯಿತು. ನಮ್ಮಲ್ಲಿ ರೆಸಾರ್ಟ್‌ನವರು ಬಂದು "ಒಣಮೀನು ವಾಸನೆ" ಅಂದಾಗ ನನಗೆ ನೆನಪಾಗೋದು ಇದೇ.

ಧಾರವಾಡ_ಓಣಿ:
ಮಸ್ತ್ ಬರೆದ್ರಿ. ಅಲ್ಲಿಯ ಲೇನ್ಸ್ ಅನ್ನೋ ಸಣ್ಣ ಸಣ್ಣ ಓಣಿಗಳೇ ಆ ಹಳೇ ಬೆಸ್ತರ ಊರು ಅಲ್ವಾ? ಅಲ್ಲಿಂದ ನಡೆದು ನಾರ್ತ್ ಲೇನ್‌ಗೂ ಹೋಗಿದ್ದೆ, ಹಳೇ ಬಟ್ಟೆ, ಹಳೇ ರೆಕಾರ್ಡ್ ಅಂಗಡಿ. ಎರಡೂ ಒಂದೇ ಓಣಿಯ ಎರಡು ತುದಿ ಅಂದುಕೊಂಡಿದ್ದೆ.

ಸಸೆಕ್ಸ್_ಸುಬ್ಬ:
ಎಲ್ಲರೂ ಎಡವೋದು ಅಲ್ಲೇ. ಕಿವಿಗೆ ಒಂದೇ, ಬರೆಯೋದು ಬೇರೆ, ಅರ್ಥವೂ ಬೇರೆ. ಲೇನ್ಸ್ ಅಂದರೆ ಓಣಿಗಳು. ನಾರ್ತ್ ಲೇನ್‌ನ ಲೇನ್ ಸಸೆಕ್ಸ್ ಕಡೆಯ ಹಳ್ಳಿ ಮಾತು, ಬೇಸಾಯದ ಬಯಲು ಅಂತ. ಊರಿನ ಸುತ್ತ ಇದ್ದ ಹೊಲಗಳಲ್ಲಿ ಅದೂ ಒಂದು. ಗೋಡೆ ಗೋಡೆ ನಡುವಿನ ಇಕ್ಕಟ್ಟಾದ ಕಾಲುದಾರಿಗೆ ಅಲ್ಲಿ ಟ್ವಿಟನ್ ಅಂತಾರೆ.

ಧಾರವಾಡ_ಓಣಿ:
ಟ್ವಿಟನ್ ಅಂದ್ರ ನಮ್ಮ ಬೋಳ. ಬೆಂಗಳೂರಿನವರಿಗೆ ಸಂದಿ. ತಿಳೀತು.

ಗೋಡೆಗಣಪ:
ಬ್ರೈಟನ್‌ನಲ್ಲಿ ಬಾಡಿಗೆಗೆ ಇರೋನು ನಾನೇ, ಈ ಪರಂಪರೆ ಅನ್ನೋದರ ಮೇಲೆ ನನ್ನದೊಂದು ಗೋಳಿದೆ. ನಮ್ಮದು 200 ವರ್ಷದ ಸಾಲುಮನೆ. ಮುಂದೆ ಕೆನೆ ಬಣ್ಣ, ಬಾಗಿದ ಕಿಟಕಿ, ಕಬ್ಬಿಣದ ಬಾಲ್ಕನಿ, ಮದುವೆ ಫೋಟೋಗೆ ಬರ್ತಾರೆ ಜನ. ಗಣೇಶನ ಕ್ಯಾಲೆಂಡರ್ ಹಾಕೋಣ ಅಂತ ಒಂದು ಮೊಳೆ ಹೊಡೆದೆ. ಮೊದಲ ಏಟಿಗೆ ಮೊಳೆ ಬಾಗಿತು. ನಾಲ್ಕು ಬೆರಳು ಪಕ್ಕಕ್ಕೆ ಹೊಡೆದೆ, ಬೆಣ್ಣೆಗೆ ಇಳಿದಂತೆ ಪೂರ್ತಿ ಒಳಗೆ ಹೋಯಿತು. ಎಳೆದರೆ ಅಂಗೈಯಗಲ ಗಾರೆ ಕಿತ್ತು ಬಂತು. ಒಳಗೆ ನೋಡಿದರೆ ಕಪ್ಪು ಚಕಮಕಿ ಕಲ್ಲು, ಮುರುಕು ಇಟ್ಟಿಗೆ, ಬೀಚಿನ ಉರುಟು ಕಲ್ಲು, ಮರಳು, ಒಂದು ಮರದ ಚೂರು. ರಾತ್ರಿಯೆಲ್ಲ ಗೋಡೆಯೊಳಗಿಂದ ಸರಸರ ಮರಳು ಉದುರುವ ಸದ್ದು. ಓನರ್‌ಗೆ ಫೋಟೋ ಕಳಿಸಿದರೆ "ಬಂಗರೂಶ್, ನಾರ್ಮಲ್" ಅಂತ ಎರಡೇ ಪದ. ಹುಳುಕಿಗೂ ಒಂದು ಹೆಸರಿಟ್ಟು ಪರಂಪರೆ ಮಾಡಿಬಿಟ್ಟಿದ್ದಾರೆ.

ಹಳೇಬೀಡು_ಹುಡುಗಿ:
ಮೇಲೆ ಥಳಕು, ಒಳಗೆ ಹುಳುಕು! ಆದ್ರೆ ಬಂಗರೂಶ್ ಅಷ್ಟು ಕೆಟ್ಟದ್ದೇನಲ್ಲ. ಎರಡು ಕಡೆ ಹಲಗೆ ನಿಲ್ಲಿಸಿ, ಸಿಕ್ಕ ಕಲ್ಲು ಚೂರೆಲ್ಲ ತುಂಬಿ ಸುಣ್ಣದ ಗಾರೆ ಸುರಿಯೋದು. ಊರು ಸರಸರ ಬೆಳೆಯುತ್ತಿದ್ದಾಗ ಅಗ್ಗಕ್ಕೆ ಸಿಕ್ಕ ದಾರಿ ಅದು. ಸುಣ್ಣ ಉಸಿರಾಡಬೇಕು. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಕೂತು ಗೋಡೆ ಕೊಳೆಯುತ್ತೆ. ನಿಮ್ಮ ಓನರ್ ಸಿಮೆಂಟ್ ಬಳಿಸಿದ್ದಾರಾ?

ಗೋಡೆಗಣಪ:
ಸಿಮೆಂಟು, ಅದರ ಮೇಲೆ ಪೇಂಟು, ಅದರ ಮೇಲೆ ವಾಲ್‌ಪೇಪರ್ರು.

ಸಸೆಕ್ಸ್_ಸುಬ್ಬ:
ಹಾಗಾದ್ರೆ ಕ್ಯಾಲೆಂಡರ್ ಬಾಗಿಲಿಗೆ ಹಾಕಿ. ಗುರಿಯಿಟ್ಟು ಒಂದು ಪೈಪಿನಲ್ಲಿ ನೀರು ಬಿಟ್ಟರೆ ಬ್ರೈಟನ್ ಅರ್ಧ ಊರು ಕರಗುತ್ತೆ ಅಂತ ಅಲ್ಲಿನವರದೇ ಜೋಕಿದೆ.

ಹಾಸನದ_ಆಲೂಗಡ್ಡೆ:
ಕಾಣಿಕೆ ಬಾಗಿಲು ಅಂತ ಹೇಳಿದಿರಿ ಸುಬ್ಬ ಸರ್. ಸ್ವಲ್ಪ ಸಿಹಿ ಜಾಸ್ತಿ ಆಯಿತು. ಆ ಆಸ್ಪತ್ರೆ ಭಾರೀ ಪ್ರಚಾರದ ಸರಕಾಗಿತ್ತು. ಚಕ್ರವರ್ತಿ ಸಿಪಾಯಿಗಳಿಗೋಸ್ಕರ ತನ್ನ ಅರಮನೆಯನ್ನೇ ಬಿಟ್ಟುಕೊಟ್ಟ ಅನ್ನೋ ಹಾಗೆ ಹಬ್ಬಿಸಿದರು. ಮೇಲೆ ರೈಲುಮಾಮ ಹೇಳಿದ್ದಾರಲ್ಲ, 1850ರಲ್ಲೇ ಅದು ಊರಿನ ಸ್ವತ್ತು. ಫೋಟೋ ತೆಗೆದು, ಪುಸ್ತಿಕೆ ಮಾಡಿ ಭಾರತದಲ್ಲಿ ಹಂಚಿದರು. ಇನ್ನಷ್ಟು ಜನ ಸೈನ್ಯಕ್ಕೆ ಬೇಕಿತ್ತಲ್ಲ.

ಅದೇ ಊರಿನ ಗುಡ್ಡದ ಮೇಲೆ ಬಡವರ ಗಂಜಿಕೇಂದ್ರದಂಥ ಕಟ್ಟಡ ಇತ್ತು, ಅದನ್ನ ಕಿಚನರ್ ಆಸ್ಪತ್ರೆ ಅಂತ ಮಾಡಿದರು. ಅಲ್ಲಿದ್ದ ಸಿಪಾಯಿಗಳು ಸುಮ್ನೆ ಊರು ಸುತ್ತೋ ಹಾಗಿರಲಿಲ್ಲ. ಸುತ್ತ ಮುಳ್ಳುತಂತಿ, ಕಾವಲು. ಬಿಳಿ ಹೆಂಗಸರ ಜೊತೆ ಮಾತಾಡಿಬಿಟ್ಟಾರು ಅನ್ನೋ ಭಯ. ಊರಿಗೆ ಬರೆದ ಕಾಗದಗಳನ್ನೆಲ್ಲ ಒಡೆದು ಓದುತ್ತಿದ್ದರು.

ಸಸೆಕ್ಸ್_ಸುಬ್ಬ:
ಒಪ್ಪಿದೆ, ಅದನ್ನ ನಾನು ಬಿಟ್ಟಿದ್ದೆ. ಆದ್ರೆ ಒಳ್ಳೆಯದನ್ನೂ ಹೇಳಬೇಕು. ಪೆವಿಲಿಯನ್‌ನಲ್ಲಿ ಒಂಬತ್ತು ಅಡುಗೆಮನೆ ಇದ್ದವು, ಜಾತಿ ಧರ್ಮಕ್ಕೆ ತಕ್ಕಂತೆ. ಹಿಂದೂಗಳಿಗೆ ಒಂದು ನಲ್ಲಿ, ಮುಸ್ಲಿಮರಿಗೆ ಇನ್ನೊಂದು. ಸಿಖ್ಖರಿಗೆ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಗುರುದ್ವಾರ. ಮೀರ್ ದಸ್ತ್ ಅನ್ನೋ ಜಮಾದಾರನಿಗೆ ದೊರೆ ಐದನೇ ಜಾರ್ಜ್ ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ತೊಡಿಸಿದ್ದು 1915ರ ಆಗಸ್ಟ್‌ನಲ್ಲಿ, ಅದೇ ಹುಲ್ಲಿನ ಮೇಲೆ.

ಹಾಸನದ_ಆಲೂಗಡ್ಡೆ:
ಒಂಬತ್ತು ಅಡುಗೆಮನೆಯಲ್ಲಿ ಬ್ರಿಟಿಷರ ಉಪಕಾರ ಎಷ್ಟೋ, ನಮ್ಮ ಮಡಿಮೈಲಿಗೆಯೂ ಅಷ್ಟೇ ಇದೆ ಬಿಡಿ.

ನಿದ್ದೆಗಣ್ಣ:
ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಅಲ್ಲೇ ಇದ್ದರು ಅಲ್ವಾ? ಎಲ್ಲೋ ಫಾರ್ವರ್ಡ್ ಬಂದಿತ್ತು.

ರೈಲುಮಾಮ:
ಇಲ್ಲಪ್ಪ. ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಈಜಿಪ್ಟ್, ಪ್ಯಾಲೆಸ್ತೈನ್ ಕಡೆ. 1918ರ ಸೆಪ್ಟೆಂಬರ್ 23ಕ್ಕೆ ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದರು. ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬ್ರೈಟನ್‌ನಲ್ಲಿ ಮಲಗಿದ್ದವರು ಫ್ರಾನ್ಸ್‌ಗೆ ಹೋದ ಲಾಹೋರ್, ಮೀರತ್ ಡಿವಿಷನ್‌ನವರು. ಹೆಚ್ಚಿನವರು ಪಂಜಾಬಿಗಳು, ಗಢವಾಲಿಗಳು, ಗೂರ್ಖಾಗಳು. ಫಾರ್ವರ್ಡ್ ಬಂದಿದ್ದನ್ನೆಲ್ಲ ಮುಂದೆ ತಳ್ಳಬೇಡ.

ಎಣ್ಣೆನೀರು:
ಇಷ್ಟು ಹೊತ್ತಾದರೂ ಸೇಕ್ ದೀನ್ ಮಹಮ್ಮದ್ ಹೆಸರು ಯಾರೂ ಎತ್ತಲಿಲ್ಲವಲ್ಲ! ಪಟ್ನಾದವನು, ಹುಟ್ಟಿದ್ದು 1759. ಕಂಪನಿ ಸೈನ್ಯದಲ್ಲಿದ್ದು ಐರ್ಲೆಂಡಿಗೆ ಬಂದ, ಜೇನ್ ಡೇಲಿ ಅನ್ನೋ ಹುಡುಗಿಯನ್ನು ಮದುವೆಯಾದ. 1794ರಲ್ಲಿ ತನ್ನ ಪ್ರವಾಸದ ಕಥೆ ಅಚ್ಚು ಹಾಕಿಸಿದ. ಭಾರತದವನೊಬ್ಬ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದ ಮೊದಲ ಪುಸ್ತಕ ಅದು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಹೋಟೆಲ್ ಇಟ್ಟ, ಎರಡು ವರ್ಷಕ್ಕೆ ದಿವಾಳಿ. 55ರ ಹತ್ತಿರ ಹತ್ತಿರ ಬ್ರೈಟನ್‌ಗೆ ಬಂದು ಹೊಸದಾಗಿ ಶುರು ಮಾಡಿದ, ಹಬೆ ಸ್ನಾನ ಮತ್ತು ಮಾಲೀಶು.

ಹೇಗೆ ಅಂದರೆ, ಗಿಡಮೂಲಿಕೆ ಹಾಕಿದ ಹಬೆಯಲ್ಲಿ ಮೊದಲು ಬೆವರಿಸೋದು. ಆಮೇಲೆ ಫ್ಲಾನೆಲ್ ಬಟ್ಟೆಯ ಸಣ್ಣ ಡೇರೆಯೊಳಗೆ ಕೂರಿಸೋದು. ಡೇರೆಗೆ ಅಂಗಿಯ ಹಾಗೆ ತೋಳು ಹೊಲಿದಿರುತ್ತೆ. ಮಾಲೀಶು ಮಾಡೋನು ಹೊರಗೆ ನಿಂತು ಆ ತೋಳಿನೊಳಗೆ ಕೈ ತೂರಿಸಿ ಮೈ ಹಿಸುಕುತ್ತಿದ್ದ. ಗುಣವಾದವರು ಬಿಟ್ಟುಹೋದ ಊರುಗೋಲುಗಳನ್ನು ಗೋಡೆಗೆ ನೇತು ಹಾಕಿದ್ದನಂತೆ, ನಮ್ಮಲ್ಲಿ ಹರಕೆ ತೀರಿಸಿದವರು ಬೆಳ್ಳಿ ಕಾಲು ಒಪ್ಪಿಸೋ ಹಾಗೆ. ನಾಲ್ಕನೇ ಜಾರ್ಜ್, ನಾಲ್ಕನೇ ವಿಲಿಯಂ ಇಬ್ಬರು ದೊರೆಗಳಿಗೂ ಇವನೇ ಶಾಂಪೂ ವೈದ್ಯ. ಶಾಂಪೂ ಅನ್ನೋ ಪದವನ್ನ ಇಂಗ್ಲಿಷಿಗೆ ಕೊಟ್ಟವನೂ ಇವನೇ.

ಧಾರವಾಡ_ಓಣಿ:
ಶಾಂಪೂ ನಮ್ಮ ಚಂಪೂ ಕಾವ್ಯದಿಂದ ಬಂದದ್ದಲ್ಲೇನು? ಪಂಪ ಹಚ್ಚಿಕೊಳ್ಳತಿದ್ದ.

ಹಳೇಬೀಡು_ಹುಡುಗಿ:
ಪಂಪನನ್ನ ಬಿಟ್ಟುಬಿಡಿ ರೀ. ಹಿಂದಿಯ ಚಾಂಪೋ, ಒತ್ತು ಅಂತ. ಎಣ್ಣೆನೀರು ಅವರೇ, ಪದ ತಂದವನು ಅವನಲ್ಲ, 1762ರಲ್ಲೇ ಇಂಗ್ಲಿಷಿನಲ್ಲಿ ಬಳಕೆಯಾಗಿತ್ತು. ಅದನ್ನ ಮನೆಮಾತು ಮಾಡಿದವನು ಅನ್ನಬಹುದು. ಆಗ ಶಾಂಪೂ ಅಂದರೆ ಮೈ ಒತ್ತೋದು, ತಲೆಗೆ ಹಚ್ಚೋ ಬಾಟಲಿ ಆಮೇಲಿನದು.

ಎಣ್ಣೆನೀರು:
ಸರಿ ಮೇಡಂ, ತಿದ್ದಿಕೊಂಡೆ. ಮೊಮ್ಮಗ ಫ್ರೆಡರಿಕ್ ಅಕ್ಬರ್ ಮಹಮ್ಮದ್ ಡಾಕ್ಟರ್ ಆದ, ಬಿಪಿ ಬಗ್ಗೆ ಮೊದಮೊದಲು ಕೆಲಸ ಮಾಡಿದವರಲ್ಲಿ ಒಬ್ಬ. ಇದಕ್ಕೂ ತಿದ್ದುಪಡಿ ಇದೆಯಾ?

ಹಳೇಬೀಡು_ಹುಡುಗಿ:
ಇಲ್ಲ, ಇದು ಸರಿ.

ಎಣ್ಣೆನೀರು:
ದೀನ್ ಮಹಮ್ಮದ್ 1851ರಲ್ಲಿ ತೀರಿಕೊಂಡ. ಸಮಾಧಿ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿದೆ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಗುಮ್ಮಟದ ಮುಂದೆ ಸೆಲ್ಫಿಗೆ ಕ್ಯೂ, ಇಲ್ಲಿ ನಾನು ಹೋದಾಗ ಒಂದು ಅಳಿಲು ಇತ್ತು. ಕಡಲೆಪುರಿ ಅವರೇ, ಅಪ್ಪನನ್ನ ಇಲ್ಲಿಗೆ ಕರೆದುಕೊಂಡು ಹೋಗಿ.

ಸಸೆಕ್ಸ್_ಸುಬ್ಬ:
ಇಲ್ಲಿಗೂ, ಛತ್ರಿ ಅನ್ನೋ ಸ್ಮಾರಕಕ್ಕೂ. ಆ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರು 53 ಜನರನ್ನು ಪ್ಯಾಚಮ್ ಮೇಲಿನ ಗುಡ್ಡದಲ್ಲಿ ದಹನ ಮಾಡಿದರು. ಮುಸ್ಲಿಂ ಸೈನಿಕರನ್ನು ವೋಕಿಂಗ್ ಮಸೀದಿ ಕಡೆ ಮಣ್ಣು ಮಾಡಿದರು. ಚಿತೆ ಉರಿದ ಕಡೆ 1921ರ ಫೆಬ್ರವರಿ 1ರಂದು ಛತ್ರಿ ಸ್ಮಾರಕ ತೆರೆದರು. ವಿನ್ಯಾಸ ಮುಂಬೈಯ ಇ.ಸಿ. ಹೆನ್ರಿಕ್ಸ್ ಅವರದು, ಅಮೃತಶಿಲೆ ಸಿಸಿಲಿಯದು. ಗಾಡಿ ಹತ್ತಿರದ ತನಕ ಹೋಗಲ್ಲ, ಹೊಲದ ಮೇಲೆ ನಡೀಬೇಕು. ಗಟ್ಟಿ ಶೂ ಹಾಕಿಸಿ.

ಕಡಲೆಪುರಿ:
ನಿನ್ನೆ ಹೋಗಿ ಬಂದೆವು. ಅಮ್ಮ ಅರ್ಧ ದಾರಿಯಲ್ಲಿ ಒಂದು ಬೆಂಚು ಹಿಡಿದು ಕೂತರು, ನಾವಿಬ್ಬರೇ ಮೇಲೆ ಹತ್ತಿದೆವು. ಸುತ್ತ ಕುರಿ, ಕೆಳಗೆ ದೂರದಲ್ಲಿ ಊರು, ಅದರಾಚೆ ಕಡಲು. ಎ27 ಹೆದ್ದಾರಿಯ ಸದ್ದು ನಿಲ್ಲೋದೇ ಇಲ್ಲ. ಎಂಟು ಕಂಬದ ಬಿಳಿ ಮಂಟಪ, ಅದರ ಮುಂದೆ ಮೂರು ದೊಡ್ಡ ಚಪ್ಪಡಿ. ಚಿತೆ ಇದ್ದ ಜಾಗಗಳ ಮೇಲೆ ಹಾಸಿದ್ದು ಅಂತ ಆಮೇಲೆ ಗೊತ್ತಾಯಿತು. ಅದು ಗೊತ್ತಿಲ್ಲದೆ ನಾನು ಒಂದರ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದೆ. ಅಪ್ಪ ಮೇಷ್ಟ್ರ ಗಂಟಲಲ್ಲಿ "ಇಳಿಯೋ" ಅಂದರು.

ಪಕ್ಕದ ಗೋಡೆ ಮೇಲೆ 53 ಹೆಸರಿವೆ, 2010ರಲ್ಲಿ ಹಾಕಿದ್ದಂತೆ. ಕನ್ನಡಕ ಕಾರಿನಲ್ಲೇ ಬಿಟ್ಟಿದ್ದರು, ಅದಕ್ಕೆ ನಾನು ಓದಿದೆ. ಹಾಜರಿ ಪುಸ್ತಕ ಓದಿಸೋ ಹಾಗೆ ಒಂದೊಂದಕ್ಕೂ ಹೂಂ ಅಂದರು. ತಪ್ಪು ಓದಿದ್ದಕ್ಕೆ ಎರಡು ಸಲ ವಾಪಸ್ ಓದಿಸಿದರು. ಮೈಸೂರು ಅರಮನೆ ಇಸವಿಯ ವಿಷಯ ನಾನು ಎತ್ತಲೇ ಇಲ್ಲ.

ನಿದ್ದೆಗಣ್ಣ:
ಪಾರ್ಕಿಂಗ್ ಎಲ್ಲಿ ಸಿಕ್ಕಿತು? ನಾವೂ ಶನಿವಾರ ಹೋಗೋಣ ಅಂತ.

ರೈಲುಮಾಮ:
ಕಾರ್ ಯಾಕೆ ತಮ್ಮಾ, ಪ್ರೆಸ್ಟನ್ ಪಾರ್ಕ್ ಸ್ಟೇಷನ್ ಇದೆಯಲ್ಲ.